ಸುಮ್ನೆ ಕೂತಿದ್ದ ಪ್ರೊಸೆಸ್ಸೇ ಬಾಗಿಲಿಗೆ ಅಡ್ಡ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಾಗ ನನಗೆ ಗೊತ್ತಿದ್ದದ್ದು ಇಷ್ಟೇ: ನಿಧಾನವಾದರೆ ಓಡುತ್ತಿರುವ ಪ್ರೊಸೆಸ್‌ಗಳ (ಪ್ರೋಗ್ರಾಂಗಳ) ಪಟ್ಟಿ ಕೊಡುವ ಪಿಎಸ್ ಕಮಾಂಡ್ ಹೊಡಿ, ಜಾಸ್ತಿ ಮೆಮೊರಿ ತಿನ್ನುವ ಪ್ರೊಸೆಸ್ ಹುಡುಕು, ಸಾಯಿಸು. ಒಂದು ಸಲ ಹಾಗೇ ಮಾಡಿದೆ. 16 ಜಿಬಿ ಮೆಷಿನ್, ಒಂದೊಂದು ಪ್ರೊಸೆಸ್ ಎಷ್ಟು ಮೆಮೊರಿ ಹಿಡಿದಿದೆ ಅಂತ ತೋರಿಸುವ ಆರ್‌ಎಸ್‌ಎಸ್ ಕಾಲಂ ಕೂಡಿದರೆ 30 ಜಿಬಿ ದಾಟುತ್ತಿತ್ತು. ಹೇಗೆ ಸಾಧ್ಯ ಅಂತ ಯೋಚಿಸಲೇ ಇಲ್ಲ. ಎಲ್ಲ ಪ್ರೊಸೆಸ್‌ಗಳೂ ಹಂಚಿಕೊಳ್ಳುವ ಒಂದೇ ಮೆಮೊರಿಯನ್ನು ಪ್ರತಿಯೊಂದು ಸಾಲೂ ತನ್ನ ಲೆಕ್ಕಕ್ಕೆ ಬರೆದುಕೊಂಡಿರುತ್ತದೆ, ಅದನ್ನು ಕೂಡಲೇಬಾರದು. ನಾನು ದೊಡ್ಡ ಸಂಖ್ಯೆ ಇದ್ದ ಒಂದಕ್ಕೆ ಕಿಲ್ ಮೈನಸ್ 9, ಅಂದರೆ ಬಲವಂತವಾಗಿ ತಕ್ಷಣ ಸಾಯಿಸುವ ಕಮಾಂಡ್, ಹೊಡೆದೆ.

ಎಲ್ಲರ ಕನೆಕ್ಷನ್ನೂ ಒಟ್ಟಿಗೆ ಹೋಯಿತು! ಒಂದು ಪ್ರೊಸೆಸ್ ಹೀಗೆ ದಿಢೀರಂತ ಸತ್ತರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಪೋಸ್ಟ್‌ಮಾಸ್ಟರ್, ಅಂದರೆ ಇವೆಲ್ಲವನ್ನೂ ಹುಟ್ಟಿಸುವ ತಾಯಿ ಪ್ರೊಸೆಸ್, ಉಳಿದ ಕನೆಕ್ಷನ್‌ಗಳನ್ನೂ ಕತ್ತರಿಸಿ ರಿಕವರಿ (ಲಾಗ್ ನೋಡಿ ಡೇಟಾ ಸರಿಮಾಡಿಕೊಳ್ಳುವ ಕೆಲಸ) ಶುರುಮಾಡುತ್ತದೆ.

ಆಮೇಲೆ ಕೂತು ಒಂದೊಂದೇ ಸಾಲು ಓದಲು ಕಲಿತೆ. ಚೆಕ್‌ಪಾಯಿಂಟರ್, ವಾಲ್‌ರೈಟರ್, ಆಟೋವ್ಯಾಕ್ಯೂಮ್ ಲಾಂಚರ್ ಇವೆಲ್ಲ ಮನೆಯವರು, ಪೋಸ್ಟ್‌ಗ್ರೆಸ್ ತನ್ನ ಕೆಲಸಕ್ಕೆ ತಾನೇ ಇಟ್ಟುಕೊಂಡ ಪ್ರೊಸೆಸ್‌ಗಳು, ಮುಟ್ಟಬೇಡಿ. ಹೊರಗಿನಿಂದ ಬಂದ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರೊಸೆಸ್. ಅದರ ಸಾಲಿನಲ್ಲಿ ಯೂಸರ್, ಡೇಟಾಬೇಸ್, ಯಾವ ಐಪಿಯಿಂದ ಬಂದಿದೆ, ಕೊನೆಗೆ ಈಗ ಏನು ಮಾಡುತ್ತಿದೆ ಅನ್ನೋದು ಇರುತ್ತದೆ. ನಾನೀಗ ಮೊದಲು ನೋಡುವುದು ಆ ಕೊನೆಯನ್ನೇ.

ಒಂದು ಮಧ್ಯಾಹ್ನ ಜಯನಗರದ ನಮ್ಮ ಆಫೀಸಿನಲ್ಲಿ ಬಿಲ್ಲಿಂಗ್ ನಿಂತುಹೋಯಿತು. ಪಿಎಸ್ ನೋಡಿದರೆ 11 ಸಾಲಿನ ಕೊನೆಗೆ ‘ಅಪ್‌ಡೇಟ್ ವೇಟಿಂಗ್’. ಸಿಪಿಯು ಹೆಚ್ಚೂಕಡಿಮೆ ಸೊನ್ನೆ. ಎಲ್ಲರೂ ಕ್ಯೂನಲ್ಲಿ ನಿಂತಿದ್ದಾರೆ, ಸರಿ, ಕೌಂಟರ್‌ನಲ್ಲಿ ಯಾರಿದ್ದಾರೆ? ಕೆಳಗೆ ಒಂದೇ ಒಂದು ಸಾಲು: ‘ಐಡಲ್ ಇನ್ ಟ್ರಾನ್ಸಾಕ್ಷನ್’. ಬರೀ ‘ಐಡಲ್’ ಆಗಿದ್ದರೆ ಚಿಂತೆ ಇಲ್ಲ. ಇದು ಬಿಗಿನ್ ಹೊಡೆದು ಟ್ರಾನ್ಸಾಕ್ಷನ್ ಶುರುಮಾಡಿ, ಬೇರೆಯವರು ಆ ಡೇಟಾ ಬದಲಿಸದಂತೆ ಲಾಕ್ ಹಿಡಿದು, ಕಮಿಟ್ ಹೊಡೆದು ಖಾಯಂ ಮಾಡದೆ, ರೋಲ್‌ಬ್ಯಾಕ್ ಹೊಡೆದು ರದ್ದೂ ಮಾಡದೆ, ಸುಮ್ನೆ ಕೂತಿರುವುದು. ಯಾರನ್ನು ಯಾರು ತಡೆದಿದ್ದಾರೆ ಅಂತ ಹೇಳುವ ಪಿಜಿ ಬ್ಲಾಕಿಂಗ್ ಪಿಡ್ಸ್ ಫಂಕ್ಷನ್‌ಗೆ ಕಾಯುತ್ತಿದ್ದ ಒಂದರ ನಂಬರ್ ಕೊಟ್ಟು ಹಿಂದೆ ಹಿಂದೆ ಹೋದೆ, ಕೊನೆಗೆ ಸಿಕ್ಕಿದ್ದು ಇದೇ. ಐಪಿ ನೋಡಿದರೆ ನನ್ನಿಂದ ಮೂರು ಕುರ್ಚಿ ಆಚೆ! ಅಲ್ಲಿ ಕುರ್ಚಿ ಖಾಲಿ, ಸ್ಕ್ರೀನಿನಲ್ಲಿ ಬಿಲ್ ನಂಬರ್ ಟೇಬಲ್ಲಿನ ಮೇಲೆ ಒಂದು ಅಪ್‌ಡೇಟ್, ಅದರ ಕೆಳಗೆ ಕರ್ಸರ್ ಮಿಣಮಿಣ.

ಫೋನ್ ಮಾಡಿದೆ. “ಎಲ್ಲಿದ್ದೀಯಪ್ಪ?”

“ದರ್ಶಿನಿಲಿ ಸರ್, ಕಾಫಿ ಕುಡಿದು ಬಂದ್‌ಬಿಡ್ತೀನಿ.”

“ಕಮಿಟ್ ಮಾಡಿದ್ಯಾ?”

ಸ್ವಲ್ಪ ಹೊತ್ತು ಬರೀ ಲೋಟಗಳ ಸದ್ದು. “ಅಯ್ಯೋ... ರೋಲ್‌ಬ್ಯಾಕ್ ಹೊಡೀರಿ ಸರ್.”

ಹೊಡೆದೆ. 11 ಸಾಲಿನಲ್ಲೂ ವೇಟಿಂಗ್ ಮಾಯ. ಅವನು ಸಿಗದಿದ್ದರೆ ಆ ಒಂದು ಕನೆಕ್ಷನ್ ಮಾತ್ರ ಮುಚ್ಚುವ ಪಿಜಿ ಟರ್ಮಿನೇಟ್ ಬ್ಯಾಕೆಂಡ್ ಬಳಸುತ್ತಿದ್ದೆ, ಮೈನಸ್ 9 ಅಂತೂ ಅಲ್ಲ. ಅವತ್ತೇ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮೌಟ್ ಅನ್ನೋ ಸೆಟ್ಟಿಂಗನ್ನು 5 ನಿಮಿಷಕ್ಕೆ ಇಟ್ಟೆ, 9.6 ಆವೃತ್ತಿಯಿಂದ ಅದು ಇದೆ. ಅಷ್ಟು ಹೊತ್ತು ಯಾರಾದರೂ ಹೀಗೆ ಸುಮ್ನೆ ಕೂತರೆ ಕನೆಕ್ಷನ್ ತಾನೇ ಕಡಿದುಹೋಗುತ್ತದೆ. ತಿಂಗಳ ಕೊನೆಯ ರಿಪೋರ್ಟ್ ಅರ್ಧಕ್ಕೇ ನಿಲ್ಲುತ್ತೆ ಅಂತ ಅಕೌಂಟ್ಸ್‌ನವರು ಹೆದರಿದ್ದರು, ಆದರೆ ಅದು ಕ್ವೆರಿ ಓಡುತ್ತಿರುವಷ್ಟು ಹೊತ್ತು ಐಡಲ್ ಅಲ್ವಲ್ಲ, ಹಾಗಾಗಿ ಏನೂ ಆಗಲಿಲ್ಲ.