ಕೊರಿಯಾದ ಹಳ್ಳಿಗೆ ಹೊರಟವರು ಮೊದಲು ಮರಳುವ ಬಸ್ ನೋಡಿಕೊಳ್ಳಿ
ಸೋಲ್‌ನಲ್ಲಿರುವ ಗೆಳೆಯರೇ, ವಾರಾಂತ್ಯಕ್ಕೆ ಗ್ಯಾಂಗ್ವಾನ್ ಪ್ರಾಂತ್ಯದ ಜೊಂಗ್ಸನ್‌ಗೆ ಹೋಗುವುದಾದರೆ ತಾರೀಖು ನೋಡಿ ಹೊರಡಿ. ಅಲ್ಲಿನ ಸಂತೆ ಐದು ದಿನಕ್ಕೊಮ್ಮೆ: 2, 7, 12, 17, 22, 27. ನಮ್ಮೂರಿನ ಸಂತೆಯಂತೆಯೇ ಅಜ್ಜಿಯರು ಬೆಟ್ಟದ ಸೊಪ್ಪಿನ ರಾಶಿ ಮುಂದಿಟ್ಟುಕೊಂಡು ಕುಳಿತಿರುತ್ತಾರೆ. ನೋಡಿದರೆ ಮನಸ್ಸು ತುಂಬುತ್ತದೆ. ಸಸ್ಯಾಹಾರಿಗಳು ಗೊಂಡ್ರೆಬಾಪ್ ಕೇಳಿ. ಕಾಡುಸೊಪ್ಪು ಹಾಕಿ ಬೇಯಿಸಿದ ಅನ್ನವದು, ಸೋಯಾ ಸಾಸ್ ಕಲಸಿಕೊಂಡು ತಿನ್ನಬೇಕು. ಜೊತೆಗೆ ಕೊಡುವ ಕಿಮ್ಚಿಯಲ್ಲಿ (ಹುಳಿ ಬರಿಸಿದ ತರಕಾರಿ) ಸಾಮಾನ್ಯವಾಗಿ ಮೀನು ಅಥವಾ ಸೀಗಡಿ ಸೇರಿರುತ್ತದೆ, ಎಚ್ಚರ.

ಹಳ್ಳಿಯ ಬಸ್ಸುಗಳು ದಿನಕ್ಕೆ ಕೆಲವೇ. ಇಳಿದ ಕೂಡಲೇ ನಿಲ್ದಾಣದ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಚಾಲಕರನ್ನೂ ಕೇಳಿ: “ಮಕ್‌ಚಾ ಮ್ಯೊಚ್ ಶಿಯೆಯೊ?” ಅಂದರೆ, ಕೊನೆಯ ಬಸ್ ಎಷ್ಟು ಗಂಟೆಗೆ? ದಾರಿ ಹುಡುಕಲು ಗೂಗಲ್ ಮ್ಯಾಪ್ ನಂಬಬೇಡಿ, ನೇವರ್ ಮ್ಯಾಪ್ ಹಾಕಿಕೊಳ್ಳಿ. ಸಂತೆಯ ಅಜ್ಜಿಯರಿಗೆ ಕೊಡಲು ಸ್ವಲ್ಪ ನಗದು ಇರಲಿ.