ಮುಚ್ಚಳ ಬಿಚ್ಚಿ ನೋಡಿ ಕೊಂಡ ಷೇರು

2019ರಲ್ಲಿ ಒಂದು ಸಣ್ಣ ಉಪಕರಣ ಕಂಪನಿಯ ಷೇರಿನಲ್ಲಿ ಸುಮಾರು 1.4 ಲಕ್ಷ ಕಳೆದುಕೊಂಡೆ. ಲಾಭ ಪ್ರತಿ ವರ್ಷ ಏರುತ್ತಿತ್ತು, ಅಷ್ಟೇ ನೋಡಿ ಕೊಂಡಿದ್ದೆ. ದುಡ್ಡು ಬರುತ್ತಿಲ್ಲ ಅನ್ನೋದು ತಿಳಿಯುವಷ್ಟರಲ್ಲಿ ಷೇರು ದಿನಾ ಲೋವರ್ ಸರ್ಕ್ಯೂಟ್, ಅಂದರೆ ಆ ದಿನಕ್ಕೆ ಬೀಳಬಹುದಾದ ಕೊನೇ ಮಿತಿ.

ನೋವಾಗಿದ್ದು ಇದಕ್ಕೆ: ಕಾರಣ ನನ್ನ ಕಣ್ಣೆದುರೇ ಇತ್ತು. ಇಪ್ಪತ್ತು ವರ್ಷದಿಂದ ಮೈಸೂರು, ನಂಜನಗೂಡಿನ ಲ್ಯಾಬ್‌ಗಳಲ್ಲಿ ಉಪಕರಣ ಸರ್ವಿಸ್ ಮಾಡುತ್ತಿದ್ದೇನೆ. ಒಂದು ಕಾಲೇಜಿನ ಕಾರಿಡಾರಿನಲ್ಲಿ ಅದೇ ಕಂಪನಿಯ ಮರದ ಪೆಟ್ಟಿಗೆ ಹದಿನಾಲ್ಕು ತಿಂಗಳು ಬಿದ್ದಿತ್ತು, ಮೇಲೆ ಹಳೇ ರೆಕಾರ್ಡ್ ಪುಸ್ತಕ ಪೇರಿಸಿದ್ದರು. ಅನುದಾನ ವಾಪಸ್ ಹೋಗುತ್ತೆ ಅಂತ ಮಾರ್ಚ್‌ನಲ್ಲಿ ತರಿಸಿದ್ದು. ಕೋಣೆಗೆ ಅರ್ತಿಂಗ್ ಸರಿಯಿಲ್ಲ, ಇನ್‌ಸ್ಟಲೇಶನ್ ರಿಪೋರ್ಟಿಗೆ ಸಹಿ ಬಿದ್ದಿಲ್ಲ, ಬಿಲ್ ಪಾಸಾಗಿಲ್ಲ. ಕಂಪನಿಯ ಲೆಕ್ಕದಲ್ಲಿ ಮಾತ್ರ ಅದು ಆಗಲೇ ಮಾರಾಟ!

ಎರಡನೇ ಕಂಪನಿಯನ್ನು ಹುಡುಕುವಾಗ ಅಲ್ಲಿಂದಲೇ ಶುರು ಮಾಡಿದೆ. ಗ್ರಾಹಕರಿಂದ ಬರಬೇಕಾದ ಬಾಕಿ ಎಷ್ಟು ಹಳೆಯದು ಅನ್ನೋದನ್ನು ಕಂಪನಿಗಳು 2021-22ರಿಂದ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ಕೊಡಲೇಬೇಕು: ಆರು ತಿಂಗಳೊಳಗಿನದು, ವರ್ಷದೊಳಗಿನದು, ಹೀಗೆ ಮೂರು ವರ್ಷ ಮೀರಿದ್ದರವರೆಗೆ. ನಾನು ಮೊದಲು ತೆರೆಯೋದು ಆ ಪುಟ. ಇವರದ್ದು ವರ್ಷ ದಾಟಿದ್ದು ಒಟ್ಟು ಬಾಕಿಯ ಶೇ. 8ರ ಆಸುಪಾಸು. ಮೊದಲನೆಯವರದ್ದನ್ನು ಆಮೇಲೆ ತೆಗೆದು ನೋಡಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ಆಮೇಲೆ ಯಂತ್ರ. ಇವರ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯುವ ಯಂತ್ರ) ಸರ್ವಿಸಿಗೆ ಬಂದಾಗಲೆಲ್ಲ ಗಮನವಿಟ್ಟು ನೋಡಿದೆ. ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಅವರದ್ದೇ ಹೆಸರು, ಪರಿಷ್ಕರಣೆ ಸಂಖ್ಯೆ ಮೂರಕ್ಕೆ ಬಂದಿತ್ತು. ಹಳೇ ಮಾದರಿಯಲ್ಲಿ ಸುಡುತ್ತಿದ್ದ ರೆಸಿಸ್ಟರ್ ಜಾಗ ಬದಲಾಗಿತ್ತು. ದೂರು ಕೇಳಿಸಿಕೊಳ್ಳುವ ಕಂಪನಿ ಅಂತ ನನಗೆ ಅಲ್ಲೇ ಖಾತ್ರಿಯಾಯಿತು. ಮೊದಲನೇ ಕಂಪನಿಯ ಯಂತ್ರದಲ್ಲಿ ಬೇರೆಯವರ ನೇಮ್‌ಪ್ಲೇಟಿನ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿದ್ದರು, ವರದಿಯಲ್ಲಿ ‘ಸ್ವಂತ ವಿನ್ಯಾಸ’ ಅಂತಿತ್ತು.

ಸೀರಿಯಲ್ ನಂಬರ್‌ಗಳನ್ನು ಡೈರಿಯಲ್ಲಿ ಬರೆಯುತ್ತಾ ಹೋದೆ. ಅರವತ್ತರಷ್ಟು ಸೇರಿದ ಮೇಲೆ, ನಂಬರ್ ಎಷ್ಟು ಮುಂದೆ ಹೋಗಿದೆ ಅಂತ ನೋಡಿ, ವರ್ಷಕ್ಕೆ ಸುಮಾರು 700 ಯಂತ್ರ ಅಂತ ಲೆಕ್ಕ ಸಿಕ್ಕಿತು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನ ಬಿಡ್ ಫಲಿತಾಂಶದಲ್ಲಿ ಸಿಗುವ ದರದಿಂದ ಗುಣಿಸಿದರೆ ವರದಿಯ ಮಾರಾಟಕ್ಕೆ ಹತ್ತಿರ ಬಂತು. ಡೆಮೊ ಯಂತ್ರ, ವಾಪಸ್ ಬಂದ ಯಂತ್ರಗಳನ್ನು ಹೇಗೆ ಕಳೆಯುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಕಂಪನಿಯ ಒಳಗಿನವರನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಪ್ರಕಟವಾಗದ ಅಂಕಿ ಕೇಳಿ ಷೇರು ಕೊಳ್ಳೋದು ಷೇರುಪೇಟೆ ನಿಯಂತ್ರಕ ಸೆಬಿಯ 2015ರ ನಿಯಮದಲ್ಲಿ ಅಪರಾಧ.

ನಡುವೆ ಇವರ ಪಿಎಚ್ ಎಲೆಕ್ಟ್ರೋಡ್ (ಆಮ್ಲೀಯತೆ ಅಳೆಯುವ ಕಡ್ಡಿ) ಹಿಂದೆ ಬಿದ್ದೆ. ಯಂತ್ರ ಒಂದು ಸಲ ಮಾರಾಟವಾದರೆ ಮುಗಿಯಿತು, ಎಲೆಕ್ಟ್ರೋಡ್ ಮತ್ತೆ ಮತ್ತೆ ಬೇಕು. ಇವರದ್ದು ಎರಡು, ಆಮದಿನದ್ದು ಎರಡು ತಂದು ಎಲ್ಲವನ್ನೂ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲೇ ಇಟ್ಟು, ವಾರಕ್ಕೊಮ್ಮೆ ಪಿಎಚ್ 4 ಮತ್ತು 7ರ ಬಫರ್ ದ್ರಾವಣದಲ್ಲಿ ಸ್ಲೋಪ್, ಅಂದರೆ ಆದರ್ಶಕ್ಕೆ ಹೋಲಿಸಿದರೆ ಎಲೆಕ್ಟ್ರೋಡ್ ಎಷ್ಟು ಸ್ಪಂದಿಸುತ್ತೆ ಅನ್ನೋದನ್ನು ನೋಡಿದೆ. ಹತ್ತು ತಿಂಗಳಿಗೆ ಇವರದ್ದು ಶೇ. 93-94, ಆಮದಿನದ್ದು 96. ಬೆಲೆ ಅರ್ಧಕ್ಕಿಂತ ಕಡಿಮೆ. ಎಲೆಕ್ಟ್ರೋಡಿಗೆ ಏಳೆಂಟು ಸಾವಿರ ಖರ್ಚಾಯಿತು, ದಂಡವಾಗಲಿಲ್ಲ.

ಬ್ಯಾಂಕಿನಲ್ಲಿದ್ದ ನಮ್ಮ ಭಾವ, ‘ಸ್ಕ್ರೂಡ್ರೈವರ್ ಹಿಡ್ಕೊಂಡು ಯಾರಾದ್ರೂ ಷೇರು ನೋಡ್ತಾರೇನೋ?’ ಅಂದಿದ್ದರು. 2022ರ ಕೊನೆಗೆ ಸರಾಸರಿ 210ಕ್ಕೆ 900 ಷೇರು ಕೊಂಡೆ. ದಿನಕ್ಕೆ ಮುನ್ನೂರು ನಾನೂರು ಷೇರು ಕೈ ಬದಲಾದರೆ ಹೆಚ್ಚು, ಇಷ್ಟಕ್ಕಿಂತ ಹೆಚ್ಚು ಕೊಡಲ್ಲ ಅಂತ ಲಿಮಿಟ್ ದರ ಹಾಕಿ ಕಾಯ್ದು ಕೊಳ್ಳಲು ಐದು ವಾರ ಹಿಡಿಯಿತು. ಈಗ ಎರಡೂವರೆ ಪಟ್ಟು ಆಗಿದೆ. ಹೋದ ತಿಂಗಳು ಭಾವನೇ ಇನ್ನೊಂದು ಕಂಪನಿಯ ವರದಿ ಕಳಿಸಿ, ‘ಇದರ ಯಂತ್ರ ಎಲ್ಲಾದ್ರೂ ಬಿಚ್ಚಿದ್ದೀಯಾ?’ ಅಂತ ಕೇಳಿದರು. ಇನ್ನೂ ಬಿಚ್ಚಿಲ್ಲ, ಆದ್ದರಿಂದ ಕೊಂಡಿಲ್ಲ. ನನ್ನ ಕಂಪನಿಯ ಮುಂದಿನ ವರದಿಯಲ್ಲಿ ವರ್ಷ ದಾಟಿದ ಬಾಕಿ ಶೇ. 15 ಮೀರಿದರೆ ಅರ್ಧ ಮಾರುವುದು ಅಂತ ಡೈರಿಯ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.