ಬ್ಲ್ಯಾಕ್ ಹೋಲ್ ಎಷ್ಟು ದೊಡ್ಡದು, ಮೊಬೈಲ್ ಕ್ಯಾಲ್ಕುಲೇಟರಲ್ಲೇ ಲೆಕ್ಕ ಹಾಕಿ

ಫಾರ್ಮುಲಾ ನೋಡಿ ಹೆದರ್ಬೇಡಿ ಮಾರಾಯ್ರೆ, ಗುಣಾಕಾರ ಬಂದ್ರೆ ಸಾಕು. ವಸ್ತು ಎಷ್ಟು ಸೂರ್ಯನ ತೂಕ ಉಂಟು ಅಂತ ನೋಡಿ 3ರಿಂದ ಗುಣಿಸಿ, ಬಂದದ್ದು ಕಿಲೋಮೀಟರಲ್ಲಿ ರೇಡಿಯಸ್ (ಸರಿಯಾಗಿ ಹೇಳುದಾದ್ರೆ 2.95, ನಾನು 3 ಮಾಡಿದ್ದು). ಗ್ರಹ ಆದ್ರೆ ಎಷ್ಟು ಭೂಮಿಯ ತೂಕ ಅಂತ ನೋಡಿ 9ರಿಂದ ಗುಣಿಸಿ, ಉತ್ತರ ಮಿಲ್ಲಿಮೀಟರ್. ಇದೇ ಶ್ವಾರ್ಜ್‌ಶೀಲ್ಡ್ ರೇಡಿಯಸ್, 1916ರಲ್ಲಿ ಪ್ರಕಟವಾದ ಜರ್ಮನ್ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅವರ ಲೆಕ್ಕದಿಂದ ಬಂದದ್ದು. ಇಡೀ ತೂಕವನ್ನು ಅಷ್ಟರೊಳಗೆ ಒತ್ತಿ ಹಿಡಿಸಿದ್ರೆ ಬೆಳಕೂ ಹೊರಗೆ ಬರುದಿಲ್ಲ, ಅದೇ ಬ್ಲ್ಯಾಕ್ ಹೋಲ್.

ಮೊದಲು ಭೂಮಿ ಹಾಕಿ ನೋಡಿ. 9 ಮಿಲ್ಲಿಮೀಟರ್, ಅಂದ್ರೆ ಅಗಲ 18, ಹೆಚ್ಚುಕಮ್ಮಿ ನಮ್ಮ ಅಂಗಳದ ಒಂದು ಸುಲಿದ ಚಾಲಿ ಅಡಿಕೆ! ಗುರು 318 ಭೂಮಿಯ ತೂಕ, ಗುಣಿಸಿದ್ರೆ 2.8 ಮೀಟರ್ ಚಿಲ್ಲರೆ, ತೋಟದ ದೊಡ್ಡ ಬಾವಿಯಷ್ಟು ಅಗಲ. ಸಿಗ್ನಸ್ ಎಕ್ಸ್-1 ಅಂತ ಒಂದು ನಿಜವಾದ ಬ್ಲ್ಯಾಕ್ ಹೋಲ್ ಉಂಟು, ಸುಮಾರು 21 ಸೂರ್ಯ, 63 ಕಿಲೋಮೀಟರ್, ಕಾಸರಗೋಡಿಂದ ಹೊರಟ್ರೆ ತಲಪಾಡಿ ಗಡಿ ಮಾತ್ರ ಅಲ್ಲ ಮಂಗಳೂರೂ ದಾಟ್ಬೇಕು. ಆದ್ರೆ ಇಲ್ಲೊಂದು ಜಾಗ್ರತೆ, ಈ ಲೆಕ್ಕ ತಿರುಗದೆ ನಿಂತ ಬ್ಲ್ಯಾಕ್ ಹೋಲಿಗೆ, ಜೋರು ತಿರುಗುವಂಥದ್ದು ಇದರ ಅರ್ಧದವರೆಗೂ ಸಣ್ಣ ಆಗ್ಬಹುದು, ಸಿಗ್ನಸ್ ಎಕ್ಸ್-1 ಜೋರು ತಿರುಗುವ ಜಾತಿಯೇ.

ಎಲ್ಲರೂ ಎಡವುದು ಎಲ್ಲಿ ಅಂದ್ರೆ, ಉಂಡೆ ಕಟ್ಟಿದ ಅಭ್ಯಾಸದಲ್ಲಿ ಯೋಚಿಸ್ತೇವೆ. ಹಿಟ್ಟು 8 ಪಟ್ಟು ಹಾಕಿದ್ರೆ ಉಂಡೆಯ ಅಗಲ ಬರೇ 2 ಪಟ್ಟು. ಇಲ್ಲಿ ಹಾಗಲ್ಲ, ತೂಕ 8 ಪಟ್ಟಾದ್ರೆ ರೇಡಿಯಸ್ಸೂ 8 ಪಟ್ಟು, ಒಳಗಿನ ಜಾಗ 512 ಪಟ್ಟು! ಹಾಗಾಗಿ ತೂಕ ಹೆಚ್ಚಿದ ಹಾಗೆ ಸರಾಸರಿ ಸಾಂದ್ರತೆ ಇಳೀತಾ ಹೋಗ್ತದೆ, ನನಗೆ ಇದನ್ನು ನಂಬ್ಲಿಕ್ಕೆ ಮೂರು ಸಲ ಲೆಕ್ಕ ಹಾಕ್ಬೇಕಾಯ್ತು.

ನಮ್ಮ ಹಾಲುಹಾದಿಯ ನಡುವಿನದ್ದು 43 ಲಕ್ಷ ಸೂರ್ಯ ಅಂತ ಹಾಕಿ, 1 ಕೋಟಿ 29 ಲಕ್ಷ ಕಿಲೋಮೀಟರ್, ಬುಧನ ಕಕ್ಷೆಯೊಳಗೆ ಆರಾಮಲ್ಲಿ ಹಿಡಿತದೆ. 2019ರಲ್ಲಿ ಫೋಟೋ ಬಂತಲ್ಲ, ಎಂ87 ಗ್ಯಾಲಕ್ಸಿಯದ್ದು, ಅದು ಸುಮಾರು 650 ಕೋಟಿ ಸೂರ್ಯ. 3ರಿಂದ ಗುಣಿಸಿ, 1950 ಕೋಟಿ ಕಿಲೋಮೀಟರ್, ಸೂರ್ಯನಿಂದ ನೆಪ್ಚೂನಿಗಿರುವ ದೂರದ ನಾಲ್ಕು ಪಟ್ಟಿಗಿಂತ ಜಾಸ್ತಿ. ಇಷ್ಟು ತೂಕದ್ದು ಕಬ್ಬಿಣದ ಹಾಗೆ ಗಟ್ಟಿ ಇರ್ಬೇಕು ಅಂತ ಅನಿಸ್ತದಲ್ವಾ? ತೂಕವನ್ನು ಆ ಜಾಗದಿಂದ ಭಾಗಿಸಿ ನೋಡಿ, ನಾವು ಉಸಿರಾಡುವ ಗಾಳಿಗಿಂತ್ಲೂ ತೆಳು ಬರ್ತದೆ.